ದುರ್ಗದ ಬಂಡೆಯೂ ನಮ್ಮ ಹೆಸರುಗಳೂ

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿ ಒಮ್ಮೆಯಾದರೂ ಪ್ರಯಾಣ ಮಾಡಿದವರಿಗೆ ಅಲ್ಲಿಯ ಬೆಟ್ಟಗಳ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಬಸ್ಸಿನ ಕಿಟಕಿಯಿಂದ ಕಣ್ಣು ಹರಿಯುವಷ್ಟು ದೂರವೂ ರಾಗಿಯ ಹೊಲ, ಕಡಲೆಕಾಯಿಯ ಹೊಲ, ಹುಣಿಸೆಯ ಮರಗಳು. ನಡುನಡುವೆ ನೆಲವನ್ನು ಸೀಳಿಕೊಂಡು ಎದ್ದು ನಿಂತಂತಹ ಒಂದೊಂದು ಬೋಳು ಬೆಟ್ಟ. ದಕ್ಷಿಣಕ್ಕೆ ದೇವರಾಯನದುರ್ಗ, ಉತ್ತರಕ್ಕೆ ಏಕಶಿಲೆಯ ಮಧುಗಿರಿ. ಇವೆರಡರ ನಡುವೆ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ. ಮೊದಲಿನ ಎರಡಕ್ಕಿರುವ ಕೀರ್ತಿ ಈ ಮೂರನೆಯದಕ್ಕಿಲ್ಲ. ದೇವರಾಯನದುರ್ಗಕ್ಕೆ ನರಸಿಂಹಸ್ವಾಮಿಯ ಭಕ್ತರು ಹೋಗುತ್ತಾರೆ. ಮಧುಗಿರಿಗೆ ಏಕಶಿಲೆಯನ್ನು ಏರಿ ಬಂದೆವೆಂದು ಹೇಳಿಕೊಳ್ಳುವ ಆಸೆಯುಳ್ಳವರು ಹೋಗುತ್ತಾರೆ. ಚನ್ನರಾಯನದುರ್ಗದ ದಾರಿ ಹಿಡಿಯುವವರು ಅವರಿಗಿಂತ ಕಡಿಮೆ. ನನ್ನ ವಿದ್ಯಾರ್ಥಿಗಳನ್ನು ಅಲ್ಲಿಗೇ ಕರೆದೊಯ್ಯಬೇಕೆಂದು ನಾನು ಹಟ ಹಿಡಿದುದಕ್ಕೆ ಇದೇ ಕಾರಣವೆಂದು ಎಲ್ಲರಿಗೂ ಹೇಳಿದ್ದೆ. ಇನ್ನೊಂದು ಕಾರಣವೂ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಸಂಕ್ರಾಂತಿ ಕಳೆದ ಮೊದಲ ಭಾನುವಾರ, ಹದಿನಾಲ್ಕು ಮಂದಿ ವಿದ್ಯಾರ್ಥಿಗಳೊಡನೆ ನಸುಕಿನಲ್ಲಿಯೇ ಬೆಂಗಳೂರನ್ನು ಬಿಟ್ಟೆ. ದಾಬಸ್‌ಪೇಟೆಯ ಬಳಿ ಹೆದ್ದಾರಿಯನ್ನು ತೊರೆದು ಕೊರಟಗೆರೆಯ ರಸ್ತೆಗೆ ತಿರುಗುವ ಹೊತ್ತಿಗೆ ಮಂಜು ಕರಗುತ್ತಿತ್ತು. ಹುಡುಗರು ಆವರೆಗೆ ಹಾಡಿ ಹಾಡಿ ದಣಿದಿದ್ದರು. ಕೊರಟಗೆರೆಯಲ್ಲಿ ಇಡ್ಲಿ ತಿಂದು, ಕಾಫಿ ಕುಡಿದು, ಬೆಟ್ಟದ ಬುಡದ ಊರನ್ನು ತಲಪಿದಾಗ ಎಂಟು ಗಂಟೆ. ಊರಿನ ಹೆಸರೂ ಚನ್ನರಾಯನದುರ್ಗವೇ. ಬಸ್ಸಿನ ಫಲಕದ ಮೇಲೆ ಅದು 'ಸಿ. ಎನ್. ದುರ್ಗ'ವಾಗಿ ಕುಗ್ಗಿದೆ. ಕಟಾವು ಮುಗಿದಿದ್ದುದರಿಂದ ಮನೆಗಳ ಹಿತ್ತಿಲಿನಲ್ಲಿ ಹೊಸ ಹುಲ್ಲಿನ ಬಣವೆಗಳು ಎದ್ದಿದ್ದುವು. ಬಾಗಿಲು ಬಾಗಿಲಿಗೂ ಸಾರಿಸಿ ರಂಗೋಲಿ ಬಿಟ್ಟಿದ್ದರು.

ಬೀದಿಯ ಕೊನೆಯ ಮನೆಯ ಮುಂದಿನ ರಂಗೋಲಿ ಬಲು ದೊಡ್ಡದು. ಚುಕ್ಕಿಯಿಂದ ಚುಕ್ಕಿಗೆ ಎಳೆ ಬಳಸುತ್ತಾ ಹೋಗಿ, ಎಲ್ಲಿ ಮೊದಲಾಯಿತು ಎಲ್ಲಿ ಮುಗಿಯಿತು ಎಂಬುದೇ ತಿಳಿಯದಂತೆ ಹೆಣೆದ ಬಳ್ಳಿ. ನಮ್ಮ ಹುಡುಗರು ಬೆಟ್ಟದ ಕಡೆಗೆ ಮುಖವೆತ್ತಿ ನಡೆಯುತ್ತಿದ್ದರಾಗಿ ನಾಲ್ಕೈದು ಜೊತೆ ಬೂಟುಗಳು ಅದರ ಮೇಲೆಯೇ ಹಾದುಹೋದುವು. ಜಗುಲಿಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿಯ ಮುಂದೆ ನಾನು ನಾಚಿ ನಿಂತೆ.

"ಹುಡುಗರು ನೋಡಲಿಲ್ಲ, ತಾಯಿ. ತಪ್ಪಾಯಿತು" ಎಂದೆ.

"ತುಳಿದ್ರೆ ತುಳೀಲಿ ಬಿಡಿ ಸ್ವಾಮಿ. ನಾಳೆ ಬೆಳಿಗ್ಗೆ ಇನ್ನೊಂದು ಬಿಡ್ತೀನಿ" ಎಂದಳು ಅಜ್ಜಿ. "ಬೆಟ್ಟಕ್ಕಾ ಹೊಂಟಿರೋದು? ನೀರು ತಗೊಂಡ್ ಹೋಗಿ. ಮೇಲಿರೋ ನೀರು ಕುಡಿಯಂಗಿಲ್ಲ."

ಅಜ್ಜಿಯ ಮಾತಿನಂತೆ ಕೊಡದಿಂದ ನೀರು ತುಂಬಿಸಿಕೊಂಡು ಹತ್ತತೊಡಗಿದೆವು.

ಚನ್ನರಾಯನದುರ್ಗದ ಶಿಖರ ಸಮುದ್ರಮಟ್ಟದಿಂದ ಸುಮಾರು ೩,೭೪೪ ಅಡಿ ಎತ್ತರದಲ್ಲಿದೆ. ಎತ್ತರಕ್ಕಿಂತ ಹೆಚ್ಚಾಗಿ ಬಂಡೆಯ ಇಳಿಜಾರೇ ಹತ್ತುವವನ ಉಸಿರನ್ನು ಪರೀಕ್ಷಿಸುತ್ತದೆ. ರಾಮನಗರದಿಂದ ಮಾಗಡಿ, ಮಧುಗಿರಿ, ಪಾವಗಡಗಳ ಮೂಲಕ ಉತ್ತರಕ್ಕೆ ಹಬ್ಬಿರುವ ಬೆಣಚುಕಲ್ಲಿನ ಒಂದೇ ಪಟ್ಟಿಗೆ ಸೇರಿದ ಬೆಟ್ಟವಿದು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆಯೆಂಬ ಹೆಸರಿದ್ದುದರಿಂದ ಭೂವಿಜ್ಞಾನಿಗಳು ಈ ಕಲ್ಲನ್ನು ಇಂದಿಗೂ ಕ್ಲೋಸ್‌ಪೇಟೆ ಕಲ್ಲೆಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು ೨೫೦ ಕೋಟಿ ವರ್ಷ. ಅಷ್ಟು ಹಳೆಯ ಕಲ್ಲಿನ ಮೇಲೆ ಮುನ್ನೂರು ನಾನೂರು ವರ್ಷದ ಕೋಟೆಯೆಂದರೆ ನಿನ್ನೆ ಸಂಜೆಯ ಮಾತು.

ಈ ಸೀಮೆಯನ್ನು ಆಳಿದವರು ಮಧುಗಿರಿಯ ಪಾಳೆಯಗಾರರು. ೧೬೭೮ರಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಮಧುಗಿರಿ ಮೈಸೂರಿನ ಕೈಸೇರಿತು. ಹದಿನೆಂಟನೆಯ ಶತಮಾನದಲ್ಲಿ ಮರಾಠರಿಗೂ ಮೈಸೂರಿನವರಿಗೂ ಈ ದುರ್ಗಗಳಿಗಾಗಿ ಕಾದಾಟಗಳು ನಡೆದುವು. ಇಷ್ಟನ್ನು ಮೊದಲ ಹೆಬ್ಬಾಗಿಲಿನ ನೆರಳಿನಲ್ಲಿ ನಿಂತು ಹುಡುಗರಿಗೆ ಹೇಳಿದೆ. ಆದರೆ ಅವರ ಕಣ್ಣು ನನ್ನ ಮಾತಿಗಿಂತ ಗೋಡೆಯ ಮೇಲೆಯೇ ಇತ್ತು. ಅದು ಸಹಜವೇ. ಆನೆಯ ಗಾತ್ರದ ಬಂಡೆಗಳನ್ನು ಅಡಿಪಾಯವಾಗಿ ಬಳಸಿಕೊಂಡು, ಅವುಗಳ ಡೊಂಕಿಗೆ ತಕ್ಕಂತೆ ಕಲ್ಲುಗಳನ್ನು ಕಡೆದು ಹೊಂದಿಸಿ, ಬೆಟ್ಟದ ಮೈಗೆ ಒಡ್ಯಾಣ ತೊಡಿಸಿದಂತೆ ಗೋಡೆಯನ್ನು ಏರಿಸಿದ್ದಾರೆ. ಬೆಟ್ಟ ಎಲ್ಲಿ ಮುಗಿಯಿತು, ಕೋಟೆ ಎಲ್ಲಿ ಮೊದಲಾಯಿತು ಎಂದು ಹೇಳುವುದು ಕೆಲವೆಡೆ ಕಷ್ಟ.

ಸ್ವಲ್ಪ ಮೇಲೆ, ಬಂಡೆಯೊಂದರ ಮೇಲೆ ಗೇಣು ಗೇಣು ಅಂತರದಲ್ಲಿ ಸಾಲಾಗಿ ಕೊರೆದ ಗುಳಿಗಳು ಕಂಡುವು. "ಇದು ಆಟದ ಮಣೆಯೆ, ಸಾರ್?" ಎಂದು ಒಬ್ಬಳು ಕೇಳಿದಳು. ಅಲ್ಲ, ಕಲ್ಲುಕುಟಿಗರು ಬಂಡೆಯನ್ನು ಸೀಳಿದ ಬಗೆ ಅದು. ಉಳಿಯಿಂದ ಗುಳಿಗಳನ್ನು ತೋಡುವುದು, ಅವುಗಳಲ್ಲಿ ಬೆಣೆಗಳನ್ನು ಬಡಿಯುವುದು. ಬೆಣೆ ಒಣಮರದ್ದಾದರೆ ಮೇಲೆ ನೀರು ಹನಿಸುತ್ತಾರೆ. ಮರ ಉಬ್ಬಿ ಬಂಡೆ ಆ ಗೆರೆಯುದ್ದಕ್ಕೂ ಬಿರಿಯುತ್ತದೆ. ಇಲ್ಲಿ ಗುಳಿಗಳನ್ನು ತೋಡಿದ್ದರು, ಆದರೆ ಬಂಡೆ ಸೀಳಿರಲಿಲ್ಲ. ಕೆಲಸ ಏಕೆ ನಿಂತಿತೋ! ಸಂಬಳ ತಪ್ಪಿತೋ, ಶತ್ರು ಬಂದನೋ, ಉಳಿ ಹಿಡಿದವನಿಗೆ ಜ್ವರ ಬಂದಿತೋ. ಕೋಟೆಯನ್ನು ಕಟ್ಟಿದ ಆ ಕೈಗಳ ಗುರುತು ಆ ಗುಳಿಗಳೇ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ತನ್ನ ಶಿಲ್ಪದ ಕೆಳಗೆ ಹೆಸರನ್ನು ಕೆತ್ತಿದ್ದಾನೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಕೆತ್ತಿದ್ದಾನೆ. ಇಲ್ಲಿ ಕಲ್ಲು ಹೊತ್ತವನಿಗೆ ಅಂತಹ ಭಾಗ್ಯವಿರಲಿಲ್ಲ.

ಆದರೆ ಹೆಸರುಗಳಿಗೇನೂ ಬೆಟ್ಟದಲ್ಲಿ ಬರಗಾಲವಿಲ್ಲ. ಆ ಗುಳಿಗಳ ಪಕ್ಕದಲ್ಲಿಯೇ ಬಿಳಿಯ ಬಣ್ಣದಲ್ಲಿ ಮೊಳದುದ್ದದ ಅಕ್ಷರಗಳು. ಮುಂದಿನ ಬಂಡೆಯಲ್ಲಿ ನೀಲಿ. ಅದರ ಮುಂದಿನದರಲ್ಲಿ ಬಾಣ ಚುಚ್ಚಿದ ಹೃದಯ, ಅದರ ಎರಡು ಕಡೆಗೂ ಎರಡು ಹೆಸರು. ಊರು, ಕಾಲೇಜು, ಇಸವಿ, ಪ್ರೇಮ, ಪ್ರತಿಜ್ಞೆ ಎಲ್ಲವೂ ಇದ್ದುವು. ಕೆಲವು ಗುಳಿಗಳೊಳಕ್ಕೇ ಬಣ್ಣ ಇಳಿದು ಅವು ತುಂಬಿಹೋಗಿದ್ದುವು. ಬೆಟ್ಟದ ಮೇಲೆ ಬಣ್ಣದ ಡಬ್ಬಿಯನ್ನು ಹೊತ್ತು ತರುವಷ್ಟು ಶ್ರದ್ಧೆಯುಳ್ಳವರಿಗೆ ಅದನ್ನು ಬೇರೆ ಯಾವುದಕ್ಕಾದರೂ ಬಳಸಬಾರದೆ ಎನಿಸಿತು.

ಆ ಯೋಚನೆ ಮುಗಿಯುವ ಮೊದಲೇ ಕರ್ ಕರ್ ಎಂಬ ಸದ್ದು ಕಿವಿಗೆ ಬಿತ್ತು. ತಿರುಗಿ ನೋಡಿದರೆ, ನಮ್ಮ ತರಗತಿಯ ಜಾಣ ಹುಡುಗನೊಬ್ಬ ಚೂಪುಗಲ್ಲೊಂದನ್ನು ಹಿಡಿದು ಗೋಡೆಯ ಕಲ್ಲಿನ ಮೇಲೆ ತನ್ನ ಹೆಸರಿನ ಎರಡನೆಯ ಅಕ್ಷರವನ್ನು ತಿದ್ದುತ್ತಿದ್ದಾನೆ!

ನಾನು ಕೋಪದಿಂದ ಮಾತನಾಡಿದೆನೆಂದು ಒಪ್ಪಿಕೊಳ್ಳಬೇಕು. ವಿದ್ಯಾವಂತರಾಗಿ ನಾಚಿಕೆಯಾಗಬೇಡವೆ ಎಂದೆ. ನಿಮ್ಮ ಮನೆಯ ಗೋಡೆಯ ಮೇಲೆ ಹೀಗೆ ಗೀಚುತ್ತೀರಾ ಎಂದೆ. ಹುಡುಗ ಕಲ್ಲನ್ನು ಕೆಳಗೆ ಹಾಕಿದ. ಮುಖ ಕೆಂಪಾಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಉದ್ಧಟತನದ ಸುಳಿವೂ ಇಲ್ಲದ ದನಿಯಲ್ಲಿ ಕೇಳಿದ:

"ಸಾರ್, ಶ್ರವಣಬೆಳಗೊಳದ ಬಂಡೆಯ ಮೇಲೆ ರನ್ನ ಹೆಸರು ಕೆತ್ತಿದ್ದಾನೆ ಅಂತ ಹೋದ ತಿಂಗಳು ನೀವೇ ಪಾಠ ಹೇಳಿದಿರಿ. ಅದನ್ನು ಹೇಳುವಾಗ ನೀವು ಎಷ್ಟೊಂದು ಸಂತೋಷಪಟ್ಟಿರಿ! ಅವನು ಕೆತ್ತಿದರೆ ಶಾಸನ, ನಾನು ಕೆತ್ತಿದರೆ ಅಪರಾಧವೆ?"

ಹದಿಮೂರು ಮಂದಿ ನನ್ನ ಮುಖವನ್ನೇ ನೋಡುತ್ತಿದ್ದರು. ಓದುಗರೆ, ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ಹುಡುಗ ಹೇಳಿದುದು ನಿಜ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯೊಂದರ ಮೇಲೆ 'ಶ್ರೀ ಕವಿರತ್ನ' ಎಂಬ ಅಕ್ಷರಗಳಿವೆ. ಅವು ಹತ್ತನೆಯ ಶತಮಾನದ ಮಹಾಕವಿ ರನ್ನನವೆಂದು ವಿದ್ವಾಂಸರು ಊಹಿಸುತ್ತಾರೆ. ರನ್ನನೊಬ್ಬನೇ ಅಲ್ಲ. ಬೆಳಗೊಳದಲ್ಲಿರುವ ಐನೂರಕ್ಕೂ ಹೆಚ್ಚು ಶಾಸನಗಳಲ್ಲಿ ಎಷ್ಟೋ ಕೇವಲ ಯಾತ್ರಿಕರ ಹೆಸರುಗಳು. ಬಂದರು, ದರ್ಶನ ಮಾಡಿದರು, ಹೆಸರನ್ನು ಬಂಡೆಗೆ ಒಪ್ಪಿಸಿ ಹೋದರು. ಅವನ್ನೆಲ್ಲ ಲೂಯಿ ರೈಸ್ ಸಾಹೇಬರೂ ಆಮೇಲೆ ಆರ್. ನರಸಿಂಹಾಚಾರ್ಯರೂ ಅಕ್ಷರ ಅಕ್ಷರವಾಗಿ ಓದಿ ಅಚ್ಚು ಹಾಕಿಸಿದರು. ನಮ್ಮ ಭಾಷೆಯ ಚರಿತ್ರೆಗೆ ಅವು ಆಧಾರ.

"ಉತ್ತರವನ್ನು ಮೇಲೆ ಹೋದ ನಂತರ ಹೇಳುತ್ತೇನೆ" ಎಂದು ತಪ್ಪಿಸಿಕೊಂಡೆ. ಉಪಾಧ್ಯಾಯರಿಗೆ ಇಂತಹ ದಾರಿಗಳು ಗೊತ್ತು.

ಅಲ್ಲಿಂದ ಮುಂದೆ ಬಂಡೆ ನುಣುಪು. ಕೈಯೂರಿಕೊಂಡು, ಒಬ್ಬರನ್ನೊಬ್ಬರು ಹಿಡಿದುಕೊಂಡು ಏರಬೇಕಾಯಿತು. ಆ ಹೊತ್ತಿನಲ್ಲೆಲ್ಲ ನನ್ನ ತಲೆಯಲ್ಲಿ ಲೋಕದ ಗೋಡೆಗಳೇ ಸುಳಿಯುತ್ತಿದ್ದುವು. ಮನುಷ್ಯ ಎಲ್ಲಿಗೆ ಹೋದರೂ ಹೆಸರನ್ನು ಬಿಟ್ಟುಬಂದಿದ್ದಾನೆ. ಗ್ರೀಸಿನ ಸೂನಿಯಂ ಭೂಶಿರದ ದೇವಾಲಯದ ಕಂಬದ ಮೇಲೆ ಕವಿ ಬೈರನ್ನನ ಹೆಸರಿದೆ. ಇಟಲಿಯ ಪಾಂಪೆ ನಗರ ಕ್ರಿ. ಶ. ೭೯ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಯಿತಷ್ಟೆ. ಅದನ್ನು ಅಗೆದು ತೆಗೆದಾಗ ಗೋಡೆ ಗೋಡೆಯ ಮೇಲೂ ಗೀಚುಬರಹ. ಅವರಲ್ಲಿಯೇ ಒಬ್ಬ ವಿನೋದಪ್ರಿಯ, ಇಷ್ಟು ಮಂದಿಯ ಬರಹದ ಭಾರವನ್ನು ಹೊತ್ತು ಈ ಗೋಡೆ ಇನ್ನೂ ಕುಸಿಯದಿರುವುದೇ ಸೋಜಿಗವೆಂಬ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಆಗಲೂ ಗೀಚುವವರಿದ್ದರು, ಆಗಲೂ ಗೊಣಗುವವರಿದ್ದರು.

ಅಜಂತೆಯ ಕಥೆ ಬೇರೆ. ೧೮೧೯ರ ಏಪ್ರಿಲ್ ೨೮ರಂದು ಜಾನ್ ಸ್ಮಿತ್ ಎಂಬ ಸೈನ್ಯಾಧಿಕಾರಿ ಬೇಟೆಯಾಡುತ್ತಾ ಬಂದು ಕಾಡಿನಲ್ಲಿ ಮರೆಯಾಗಿದ್ದ ಗುಹೆಗಳನ್ನು ಕಂಡ. ಕಂಡವನು ಮಾಡಿದುದೇನು? ಹತ್ತನೆಯ ಗುಹೆಯಲ್ಲಿ, ಶತಮಾನಗಳ ಹಿಂದಿನ ಬೋಧಿಸತ್ತ್ವನ ಚಿತ್ರದ ಮೇಲೆಯೇ ತನ್ನ ಹೆಸರನ್ನೂ ತಾರೀಖನ್ನೂ ಕೊರೆದ.

ಇನ್ನು ಸಿಂಹಳದ ಸಿಗಿರಿಯಾ. ಐದನೆಯ ಶತಮಾನದಲ್ಲಿ ಕಾಶ್ಯಪನೆಂಬ ಅರಸ ನಮ್ಮ ಮಧುಗಿರಿಯಂತಹ ಒಂಟಿ ಬಂಡೆಯ ಮೇಲೆ ಅರಮನೆ ಕಟ್ಟಿಸಿ, ಬಂಡೆಯ ಮೈಮೇಲೆ ಸುಂದರಿಯರ ಚಿತ್ರಗಳನ್ನು ಬರೆಯಿಸಿದ. ಹತ್ತುವ ದಾರಿಯ ಪಕ್ಕದ ಗೋಡೆಗೆ ಕನ್ನಡಿಯಂತೆ ಹೊಳೆಯುವ ಗಾರೆ. ಅರಸ ಹೋದ ಮೇಲೆ ನೂರಾರು ವರ್ಷಗಳ ಕಾಲ ನೋಡಬಂದವರು ಆ ಗೋಡೆಯ ಮೇಲೆ ಪುಟ್ಟ ಪುಟ್ಟ ಅಕ್ಷರಗಳಲ್ಲಿ ಪದ್ಯಗಳನ್ನು ಗೀಚಿದರು. ಅಂತಹ ೬೮೫ ಪದ್ಯಗಳನ್ನು ಸೇನಾರತ್ ಪರಣವಿತಾನರು ಓದಿ ೧೯೫೬ರಲ್ಲಿ ಪ್ರಕಟಿಸಿದರು. ಸಿಂಹಳೀ ಸಾಹಿತ್ಯಕ್ಕೆ ಅದೊಂದು ನಿಧಿಯಾಯಿತು. ಗೀಚಿದವರಲ್ಲಿ ಹೆಚ್ಚಿನವರು ಬರೆದುದು ತಾವು ಕಂಡ ಚಿತ್ರಗಳನ್ನು ಕುರಿತು.

ಇಲ್ಲಿ ನನಗೆ ಉತ್ತರದ ಒಂದು ತುದಿ ಸಿಕ್ಕಿತು. ಸಿಗಿರಿಯಾದವರು ಕಂಡುದನ್ನು ಹೊಗಳಿ ಬರೆದರು. ಬೆಳಗೊಳದ ಯಾತ್ರಿಕ ನಮಸ್ಕಾರದಂತೆ ಹೆಸರು ಕೆತ್ತಿದ. ಸ್ಮಿತ್ ಸಾಹೇಬ ಮಾತ್ರ ಚಿತ್ರದ ಮುಂದೆ ನಿಂತು ತನ್ನನ್ನೇ ನೋಡಿಕೊಂಡ. ಉಪನ್ಯಾಸಕ್ಕೆ ಸೊಗಸಾದ ವಾಕ್ಯ ಸಿದ್ಧವಾಯಿತೆಂದು ಹಿಗ್ಗಿದೆ. ಆದರೆ ಹೆಜ್ಜೆ ಮುಂದಿಟ್ಟಂತೆಲ್ಲ ಆ ಹಿಗ್ಗು ಇಳಿಯಿತು. ಏಕೆಂದರೆ, ನಾನು ಯಾರಿಗೂ ಹೇಳದಿದ್ದ ಆ ಇನ್ನೊಂದು ಕಾರಣ ಮೇಲೆ ಕಾದಿತ್ತು.

ಕೊನೆಯ ಸುತ್ತಿನ ಗೋಡೆಯನ್ನು ದಾಟಿದರೆ ಬಯಲಿನಂತಹ ನೆತ್ತಿ. ಹಸಿರು ಕಟ್ಟಿದ ನೀರಿನ ಕೊಳ, ಮುಳ್ಳುಪೊದೆಗಳು, ಪಾಳುಬಿದ್ದ ಕಟ್ಟಡ. ಉತ್ತರಕ್ಕೆ ಮಧುಗಿರಿಯ ಬಂಡೆ ಮಲಗಿದ ಆನೆಯಂತೆ ಕಾಣುತ್ತಿತ್ತು. ಕೆಳಗೆ ಕೆರೆಗಳು, ತೆಂಗು ಅಡಕೆಯ ತೋಟಗಳ ಹಸಿರು ಪಟ್ಟಿಗಳು, ಬೆಂಕಿಪೊಟ್ಟಣಗಳಂತಹ ಮನೆಗಳು. ಹುಡುಗರು ಗಾಳಿಗೆ ಎದೆಯೊಡ್ಡಿ ಕೂಗು ಹಾಕುತ್ತಿದ್ದಾಗ ನಾನು ಸದ್ದಿಲ್ಲದೆ ಆ ಪಾಳು ಕಟ್ಟಡದೊಳಕ್ಕೆ ಹೋದೆ.

ಹದಿನೈದು ವರ್ಷಗಳ ಹಿಂದೆ, ಬಿ. ಎ. ಓದುತ್ತಿದ್ದಾಗ, ನಾನೂ ನನ್ನ ಪ್ರಾಣಸ್ನೇಹಿತನೂ ಈ ಬೆಟ್ಟ ಹತ್ತಿದ್ದೆವು. ಪರೀಕ್ಷೆ ಮುಗಿದು ಮರುದಿನ ಬೇರೆ ಬೇರೆ ಊರುಗಳಿಗೆ ಹೊರಡುವವರು. ಈ ಗೋಡೆಯ ನುಣುಪಾದ ಗಾರೆಯ ಮೇಲೆ ಮೊಳೆಯಿಂದ ಇಬ್ಬರ ಹೆಸರನ್ನೂ ಕೊರೆದು, ಪ್ರತಿ ವರ್ಷವೂ ಇದೇ ದಿನ ಇಲ್ಲಿ ಸೇರೋಣವೆಂದು ಮಾತು ಕೊಟ್ಟುಕೊಂಡಿದ್ದೆವು. ಒಂದು ವರ್ಷವೂ ಸೇರಲಿಲ್ಲ. ಮೊದಲು ಕಾಗದಗಳು ನಿಂತುವು. ಆಮೇಲೆ ಅವನ ವಿಳಾಸವೇ ತಪ್ಪಿಹೋಯಿತು. ಆ ಹೆಸರುಗಳನ್ನು ಇನ್ನೊಮ್ಮೆ ನೋಡಬೇಕೆಂಬ ಆಸೆಯಿಂದಲೇ ನಾನು ಬಂದದ್ದು. ಕೆಳಗೆ ಹುಡುಗನನ್ನು ಗದರಿಸಿದ ಬಾಯಿ ಇದೇ!

ಗೋಡೆ ಇತ್ತು, ಗಾರೆ ಇರಲಿಲ್ಲ. ಸ್ನೇಹಿತನ ಹೆಸರಿನ ಮೊದಲೆರಡು ಅಕ್ಷರಗಳವರೆಗೆ ಉಳಿದು, ಅಲ್ಲಿಂದಾಚೆಗೆ ಆಳೆತ್ತರದ ಹಲ್ಲೆ ಕಳಚಿ ಬಿದ್ದು, ಒಳಗಿನ ಇಟ್ಟಿಗೆ ಕಲ್ಲುಗಳು ಕಾಣುತ್ತಿದ್ದುವು. ಬುಡದಲ್ಲಿ ಚೂರುಗಳ ರಾಶಿ. ಒಂದೊಂದು ಚೂರಿನ ಮೇಲೂ ಯಾರು ಯಾರದೋ ಹೆಸರಿನ ಒಂದೊಂದು ಅಕ್ಷರ.

ಹಳೆಯ ಗಾರೆಯ ಗುಣವನ್ನು ಬಲ್ಲವರಿಗೆ ಇದರ ಕಾರಣವನ್ನು ಹೇಳಬೇಕಾಗಿಲ್ಲ. ಸುಣ್ಣ ಮರಳುಗಳನ್ನು ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸಿ, ಮೆತ್ತಿ, ದಿನಗಟ್ಟಲೆ ಉಜ್ಜಿ ನುಣುಪು ಮಾಡುತ್ತಿದ್ದರು. ಆ ನುಣುಪಾದ ಮೇಲ್ಮೈಯೇ ಅದರ ರಕ್ಷಾಕವಚ. ಅದನ್ನು ಮೊಳೆಯಿಂದ ಗೀರಿದರೆ ಗೀರಿನೊಳಕ್ಕೆ ಮಳೆಯ ನೀರು ಇಳಿಯುತ್ತದೆ. ಒದ್ದೆಯಾಗಿ ಒಣಗಿ, ಒದ್ದೆಯಾಗಿ ಒಣಗಿ, ಗಾರೆ ಗೋಡೆಯಿಂದ ಬಿಡುತ್ತದೆ. ಒಂದು ದಿನ ಹಲ್ಲೆಹಲ್ಲೆಯಾಗಿ ಬೀಳುತ್ತದೆ. ಪಾಂಪೆಯ ಗೋಡೆ ಗೀಚುಬರಹದ ಭಾರಕ್ಕೆ ಕುಸಿಯಲಿಲ್ಲ. ಇಲ್ಲಿಯದು ಕುಸಿದಿತ್ತು. ಅದರಲ್ಲಿ ನನ್ನ ಪಾಲೂ ಇತ್ತು.

ಬೆನ್ನ ಹಿಂದೆ ಹೆಜ್ಜೆಯ ಸದ್ದಾಯಿತು. ಅದೇ ಹುಡುಗ; ಊಟಕ್ಕೆ ಕರೆಯಲು ಬಂದಿದ್ದ. ನನ್ನ ಕೈಯಲ್ಲಿದ್ದ ಗಾರೆಯ ಚೂರನ್ನು ನೋಡಿದ. ಮರೆಮಾಡಬಹುದಾಗಿತ್ತು. ಆದರೆ ಅಜ್ಜಿಯ ಮನೆಯ ಮುಂದೆ ಅನಾಯಾಸವಾಗಿ ತಪ್ಪಾಯಿತೆಂದ ನಾಲಗೆಗೆ ಇಲ್ಲಿ ಏನಾಗಿದೆ ಎಂದುಕೊಂಡು, ಎಲ್ಲರನ್ನೂ ಅಲ್ಲಿಗೇ ಕರೆಸಿ, ಬುತ್ತಿ ಬಿಚ್ಚುವ ಮೊದಲು ಇದ್ದುದನ್ನು ಇದ್ದಂತೆ ಹೇಳಿದೆ.

ನಗುವರೆಂದು ಹೆದರಿದ್ದೆ. ಯಾರೂ ನಗಲಿಲ್ಲ. ಚಿತ್ರಾನ್ನ ತಿನ್ನುತ್ತಾ ಚರ್ಚೆ ಬೆಳೆಯಿತು. ಹುಡುಗ ಹಿಡಿದ ಎಳೆಯನ್ನು ಬಿಡುವವನಲ್ಲ. "ಸಾವಿರ ವರ್ಷ ಕಳೆದರೆ ನಮ್ಮ ಹೆಸರೂ ಶಾಸನವಾಗಬಹುದಲ್ಲವೆ, ಸಾರ್?" ಎಂದ.

"ಆಗಬಹುದು" ಎಂದೆ. "ಆದರೆ ಸಾವಿರ ವರ್ಷ ಗೋಡೆ ಇರಬೇಕಲ್ಲ! ಬೆಳಗೊಳದ ಬಂಡೆ ಗಟ್ಟಿ. ಬರೆಯಬೇಕಾದರೆ ಉಳಿ ಸುತ್ತಿಗೆ ಹಿಡಿದು ಬೆವರು ಸುರಿಸಬೇಕಾಗಿತ್ತು. ಆದ್ದರಿಂದ ಬರೆದವರು ಕೆಲವರೇ. ಇಂದು ಭಾನುವಾರಕ್ಕೊಂದು ತಂಡ ಬರುತ್ತದೆ. ಒಂದು ಡಬ್ಬಿ ಬಣ್ಣಕ್ಕೆ ಅರ್ಧ ಗಂಟೆಯೂ ಬೇಡ. ಬೆಟ್ಟಕ್ಕಿರುವುದು ಒಂದೇ ಮುಖ. ಎಲ್ಲರೂ ಬರೆದರೆ ಯಾರ ಹೆಸರೂ ಉಳಿಯುವುದಿಲ್ಲ, ಮುಖವೂ ಉಳಿಯುವುದಿಲ್ಲ."

"ರನ್ನ ಅಲ್ಲಿ ಕೆತ್ತದಿದ್ದರೂ ನಮಗೆ ರನ್ನ ಸಿಗುತ್ತಿದ್ದ" ಎಂದಳು ಗುಳಿಗಳ ವಿಷಯ ಕೇಳಿದ ಹುಡುಗಿ. "ಆ ಗುಳಿ ತೋಡಿದವರು ಮಾತ್ರ, ಗುಳಿ ಮುಚ್ಚಿಹೋದರೆ ಸಿಗುವುದಿಲ್ಲ."

ನಾನು ಸಿದ್ಧಪಡಿಸಿಕೊಂಡಿದ್ದ ಸೊಗಸಾದ ವಾಕ್ಯಕ್ಕಿಂತ ಇದು ಮೇಲಾಗಿತ್ತು. ನನ್ನದನ್ನು ಹೇಳಲೇ ಇಲ್ಲ.

ಊಟವಾದ ಮೇಲೆ ಯಾರೂ ಹೇಳಿಕೊಡದಿದ್ದರೂ ಮೂರು ನಾಲ್ಕು ಮಂದಿ ಟಿಪ್ಪಣಿ ಪುಸ್ತಕಗಳನ್ನು ತೆಗೆದರು. ಒಬ್ಬ ಹೆಬ್ಬಾಗಿಲುಗಳ ನಕ್ಷೆ ಬರೆದ. ಇಬ್ಬರು ಕೊಳದ ಉದ್ದಗಲಗಳನ್ನು ಹೆಜ್ಜೆಯಲ್ಲಿ ಅಳೆದರು. ಜಾಣ ಹುಡುಗ ಇಳಿಯುವಾಗ ಆ ಬಂಡೆಯ ಬಳಿ ಕುಳಿತು ಗುಳಿಗಳನ್ನು ಎಣಿಸಿ, ಅವುಗಳ ನಡುವಣ ಅಂತರವನ್ನು ಗೇಣು ಹಾಕಿ ಗುರುತಿಸಿಕೊಂಡ. ಪುಟದ ಕೊನೆಯಲ್ಲಿ ತನ್ನ ಹೆಸರನ್ನೂ ದಿನಾಂಕವನ್ನೂ ಪೂರ್ತಿಯಾಗಿ ಬರೆದ. ಅವನ ಅರ್ಧ ಹೆಸರು ಗೋಡೆಯ ಮೇಲೆಯೇ ಉಳಿಯಿತು. ಉಜ್ಜಿ ಅಳಿಸಲು ಹೊರಟಿದ್ದ. ಉಜ್ಜಿದರೆ ಕಲ್ಲಿಗೆ ಇನ್ನಷ್ಟು ಗಾಯವೆಂದು ನಾನೇ ತಡೆದೆ.

ಊರನ್ನು ಸೇರಿದಾಗ ಸಂಜೆಯಾಗಿತ್ತು. ದನಗಳು ಮನೆಗೆ ಮರಳುತ್ತಿದ್ದುವು. ಗೊರಸುಗಳಿಗೂ ಚಕ್ರಗಳಿಗೂ ಸಿಕ್ಕಿ ಬೆಳಗಿನ ರಂಗೋಲಿಗಳೆಲ್ಲ ಮಾಸಿದ್ದುವು. ಕೊನೆಯ ಮನೆಯ ಮುಂದೆ ಬಳ್ಳಿಯ ಒಂದು ಮೂಲೆ ಮಾತ್ರ ಉಳಿದಿತ್ತು. ಮುಂದೆ ನಡೆಯುತ್ತಿದ್ದ ಹುಡುಗರು ಅದನ್ನು ಬಳಸಿಕೊಂಡು, ಚರಂಡಿಯ ಅಂಚಿನಲ್ಲಿ ಒಬ್ಬರ ಹಿಂದೊಬ್ಬರಾಗಿ ಹೋದರು. ಜಗುಲಿಯ ಮೇಲಿದ್ದ ಅಜ್ಜಿಗೆ ನಗು ಬಂದಿತು.

"ಅಳಿಸ್ ಹೋಗಿರೋದನ್ನ ಯಾಕೆ ಸುತ್ತಿ ಹೋಗ್ತೀರಪ್ಪ? ನೆಟ್ಟಗೆ ಬನ್ನಿ" ಎಂದಳು. ಆಮೇಲೆ, "ಮೇಲೆ ಏನ್ ನೋಡಿದ್ರಿ?" ಎಂದು ಕೇಳಿದಳು.

ಹುಡುಗ ಟಿಪ್ಪಣಿ ಪುಸ್ತಕವನ್ನು ತೆರೆದು ಅವಳ ಪಕ್ಕದಲ್ಲಿ ಕುಳಿತ. ಗುಳಿಗಳ ಸಾಲಿನ ಚಿತ್ರವನ್ನು ಅಜ್ಜಿ ದೀಪದ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಚುಕ್ಕಿ ಇಟ್ಟವ್ರೆ, ಎಳೆ ಎಳೆದಿಲ್ಲ" ಎಂದಳು.

ಬಸ್ಸಿನ ಚಾಲಕ ಹಾರ್ನ್ ಮಾಡಿ ಕರೆಯುತ್ತಿದ್ದ. ನಾವು ಹೊರಟೆವು.